ಒಣಗಿದ್ದ ಮುಚ್ಚಳ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ, ಇಲ್ಲ ಮೀನಿಗೆ ಹಾಕಿ ನೀನು ಉಪವಾಸ ಬೀಳುವ ಹಳೇ ಚಾಳಿಯೇ? ಫೋನ್ ಮಾಡಿದರೆ ಎತ್ತುವುದಿಲ್ಲ, ಅದಕ್ಕೇ ಕಾಗದ ಹಿಡಿದೆ. ಅಕ್ಕನ ಮೇಲೆ ನಿನಗೇನು ಕೋಪ ಎಂದು ಇವತ್ತಿಗೂ ನನಗೆ ಅರ್ಥವಾಗಿಲ್ಲ. ನಾನು ಚೆನ್ನಾಗಿದ್ದೇನೆ, ಹೊಲಿಗೆ ಕೈತುಂಬ ಇದೆ. ಅಪ್ಪನ ಬೀಗದಂಗಡಿಯೂ ಹೇಗೋ ನಡೆಯುತ್ತಿದೆ.

ಸುದ್ದಿ ಏನೆಂದರೆ, ನೀನು ಸಾಕಿ ಬಿಟ್ಟುಹೋದ ಬಣ್ಣದ ಬೆಟ್ಟಾ ಮೀನಿನ ಜೋಡಿ ಮರಿ ಮಾಡಿತು. ಬಾಣಂತನ ಮಾಡಿದ್ದು ಯಾರು ಗೊತ್ತಾ? "ಬೀಗ ಕಲಿಯೋಕೆ ಆಗಲ್ಲ ಅಂದ್ರೆ ನಿನ್ನ ಮೀನಿನ ಹಿಂದೇನೇ ತೊಲಗು" ಎಂದು ನಿನ್ನ ಮೇಲೆ ಕೂಗಾಡಿದರಲ್ಲ, ಅದೇ ಅಪ್ಪ! ನೀನು ಹೋದ ಮರುದಿನವೇ ಗಾಜಿನ ತೊಟ್ಟಿಯನ್ನು ಹೊತ್ತುಕೊಂಡು ಹೋಗಿ ತಮ್ಮ ಕೋಣೆಯ ಕಿಟಕಿಯ ಬಳಿ ಮೇಜಿನ ಮೇಲಿಟ್ಟರು. ನಾನು ಕೇಳಿದರೆ "ಹಜಾರದಲ್ಲಿ ಕಾಲಿಗೆ ಅಡ್ಡ" ಅಂದರು. ಗೊಣಗುತ್ತಲೇ ಸೀಗಡಿ ಮೊಟ್ಟೆಯನ್ನು ಉಪ್ಪುನೀರಿನಲ್ಲಿ ಒಡೆಸಿ, ಹೊರಬಂದ ಸಣ್ಣ ಹುಳುಗಳನ್ನು ಮರಿಗಳಿಗೆ ಹಾಕುವುದನ್ನು ಕಲಿತರು. ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಬೀಗದ ಹೊಟ್ಟೆ ನೋಡುವವರು ಈಗ ಮರಿಗಳ ಹೊಟ್ಟೆ ನೋಡುತ್ತಿದ್ದರು, ತುಂಬಿದೆಯೋ ಇಲ್ಲವೋ ಎಂದು.

ಮರಿಗಳಿಗೆ ಈಜುರೆಕ್ಕೆ ಮೂಡಿ, ಇನ್ನೇನು ಬದುಕಿದವು ಅಂದುಕೊಳ್ಳುವಾಗ ಸಾಯತೊಡಗಿದವು ಕಣೋ. ಮೈಮೇಲೆ ಕಲೆಯಿಲ್ಲ, ಹುಳವಿಲ್ಲ. ಸಂಜೆ ಚೆನ್ನಾಗಿ ತಿಂದಿದ್ದವೇ ಬೆಳಿಗ್ಗೆ ತಳದಲ್ಲಿ ಬಿದ್ದಿರುತ್ತಿದ್ದವು. ನಲ್ಲಿ ನೀರಿನ ಔಷಧಿಯೋ ಏನೋ ಎಂದು ಕೊಡದಲ್ಲಿ ನಿಲ್ಲಿಸಿದ ನೀರು ಹಾಕಿದೆವು. ಉಳಿದ ತಿಂಡಿ ಕೊಳೆಯಿತೇನೋ ಎಂದು ಅಪ್ಪ ಸಣ್ಣ ಕೊಳವೆಯಲ್ಲಿ ತಳವನ್ನೆಲ್ಲ ಎಳೆದು ತೆಗೆದರು. ನನ್ನ ಹೊಲಿಗೆ ಯಂತ್ರದ ಎಣ್ಣೆಯ ಮೇಲೂ ಅನುಮಾನ ಬಂತು, ಕೋಣೆಯೊಳಕ್ಕೇ ಬರಬೇಡ ಅಂದರು. ಯಾವುದೂ ನಾಟಲಿಲ್ಲ. ಒಂದು ಬೆಳಿಗ್ಗೆ ಸತ್ತ ಮರಿಗಳನ್ನು ಅಂಗೈ ಮೇಲಿಟ್ಟುಕೊಂಡು "ಅವನು ಬಂದು ಕೇಳಿದ್ರೆ ಏನಮ್ಮಾ ಹೇಳ್ಲಿ?" ಅಂದರು. ನೀನು ಹೋದ ಮೇಲೆ ಅವರ ಬಾಯಲ್ಲಿ ನಿನ್ನ ಮಾತು ಬಂದದ್ದು ಅವತ್ತೇ.

ನಿನಗೆ ಈ ಮೀನಿನ ಹುಚ್ಚು ಹಿಡಿಸಿದ ಮೀನಂಗಡಿ ಮಾಮನನ್ನು ಕರೆಸಿದೆ. ಈ ಪ್ರಾಯದಲ್ಲಿ ಮರಿಗಳು ಮೇಲೆ ಬಂದು ಗಾಳಿ ಕುಡಿಯಲು ಕಲಿಯುತ್ತವಂತೆ, ಆಗ ನೀರಿನ ಮೇಲಿನ ಗಾಳಿಯೂ ಬೆಚ್ಚಗಿರಬೇಕಂತೆ. ಥಂಡಿ ಗಾಳಿ ಒಳಗೆ ಹೋದರೆ ಮುಗಿಯಿತು. "ಮುಚ್ಚಳ ಯಾವಾಗಾದ್ರೂ ತೆಗೆದಿಡ್ತೀರಾ?" ಎಂದು ಕೇಳಿದರು. ಅಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದರು. ನನಗೆ ಆಗ ಹೊಳೆಯಿತು: ಸಂಜೆ ಆ ಗಾಜಿನ ಮುಚ್ಚಳದ ಒಳಗೆಲ್ಲ ಹನಿಗಟ್ಟಿರುತ್ತಿತ್ತು, ಬೆಳಿಗ್ಗೆ ನೋಡಿದರೆ ಒಣಗಿರುತ್ತಿತ್ತು.

ಮಾರನೆಯ ಬೆಳಿಗ್ಗೆ ಬೇಗ ಎದ್ದು ಬಾಗಿಲ ಸಂದಿಯಿಂದ ನೋಡಿದೆ. ಅಪ್ಪ ಕಿಟಕಿಯ ಮುಂದೆ ನಿಂತಿದ್ದರು. ಆ ಕಿಟಕಿಯ ಮರದ ಬಾಗಿಲು ಒಳಕ್ಕೆ ತೆರೆಯುತ್ತದಲ್ಲ, ಮುಚ್ಚಳಕ್ಕೆ ತಗಲುತ್ತದೆ. ದಿನಾ ಮುಚ್ಚಳ ಎತ್ತಿ ಹಾಸಿಗೆ ಮೇಲಿಟ್ಟು ಕಿಟಕಿ ತೆಗೆಯುತ್ತಿದ್ದರೆಂದು ಆಗ ತಿಳಿಯಿತು, ನೀನಿರುವ ಊರಿನ ಮೊದಲ ಬಸ್ಸಿನಿಂದ ಎದುರಿನ ನಿಲ್ದಾಣದಲ್ಲಿ ಯಾರು ಇಳಿಯುತ್ತಾರೆ ಎಂದು ನೋಡಲು. ಬಸ್ಸು ಹೋದ ಮೇಲೆ ಎಲ್ಲ ಮುಚ್ಚಿ, ಏನೂ ಆಗಿಲ್ಲದವರ ಹಾಗೆ ಮಲಗಿಬಿಡುವುದು. ಅವತ್ತು ಮಾತ್ರ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದರು. ತೆಗೆಯಲಿಲ್ಲ. ಬಸ್ಸು ಬಂದ ಸದ್ದಾಯಿತು, ಹೋದ ಸದ್ದೂ ಆಯಿತು. ಅಪ್ಪ ಅಳುವುದನ್ನು ನಾನು ಹಿಂದೆ ಕಂಡಿರಲಿಲ್ಲ.

ಆಮೇಲೆ ಒಂದು ಮರಿಯೂ ಸತ್ತಿಲ್ಲ. ಉಳಿದಿರುವುದು ಬೊಗಸೆಯಷ್ಟು. ಈಗ ಕಿಟಕಿ ಮುಚ್ಚೇ ಇರುವುದರಿಂದ ಅಪ್ಪ ದಿನಾ ನಸುಕಿನಲ್ಲಿ ತೆಳು ಅಂಗಿಯಲ್ಲೇ ಬಸ್ ನಿಲ್ದಾಣಕ್ಕೆ ಹೋಗಿ ನಿಲ್ಲುತ್ತಾರೆ. ಕೇಳಿದರೆ "ವಾಕಿಂಗು" ಅನ್ನುತ್ತಾರೆ. ಕೆಮ್ಮು ಹತ್ತಿದೆ, ಹೇಳಿದರೆ ಕೇಳಬೇಕಲ್ಲ. ಹಟದಲ್ಲಿ ಅಪ್ಪ ಮಗ ಇಬ್ಬರೂ ಒಂದೇ. ನಡುವೆ ಸಿಕ್ಕವಳು ನಾನು.

ಮೈ ಕಡೆ ಜೋಪಾನ. ಮೀನಿನ ತೊಟ್ಟಿಯ ತಣ್ಣೀರಲ್ಲಿ ಹೆಚ್ಚು ಹೊತ್ತು ಕೈಯಾಡಿಸಬೇಡ.

ನಿನ್ನ ಮೇಲೆ ಸಿಟ್ಟಿದ್ದರೂ ನಿನ್ನ ಒಳ್ಳೆಯದನ್ನೇ ಬೇಡುವ,
ಅಕ್ಕ

ತಾ.ಕ.: ಇವತ್ತು ಬುಧವಾರ. ಕಾಗದವನ್ನು ಅಂಚೆಗೆ ಹಾಕಲಾಗಲಿಲ್ಲ. ಮೊನ್ನೆ ಬೆಳಿಗ್ಗೆ ಅಪ್ಪ ನಿಲ್ದಾಣದಲ್ಲೇ ಕುಸಿದು ಬಿದ್ದರು. ಆಸ್ಪತ್ರೆಯಲ್ಲಿದ್ದಾರೆ, ಎದೆಯಲ್ಲಿ ಕಫ ಕಟ್ಟಿದೆ, ಉಸಿರಿಗೆ ಕೊಳವೆ ಹಾಕಿದ್ದಾರೆ. ನಿನಗೆ ಎಷ್ಟು ಸಲ ಫೋನ್ ಮಾಡಿದೆನೋ. ಮನೆಯವರನ್ನೆಲ್ಲ ಕರೆಸಿಬಿಡಿ ಎಂದು ಡಾಕ್ಟರು ಇವತ್ತು ಹೇಳಿದರು. ಎಲ್ಲ ಅಂದರೆ ನೀನೊಬ್ಬನೇ ತಾನೇ. ಮೀನಂಗಡಿ ಮಾಮ ನಿನ್ನೂರಿಗೆ ಹೊರಟು ಬಾಗಿಲಲ್ಲಿ ನಿಂತಿದ್ದಾರೆ, ಅವರ ಕೈಲೇ ಇದನ್ನು ಕೊಡುತ್ತಿದ್ದೇನೆ. ಬೆಳಗಿನ ಬಸ್ಸಿಗೆ ಕಾಯಬೇಡ, ಅವರ ವ್ಯಾನ್ ಹತ್ತಿ ಈಗಲೇ ಬಾ.