ಅಪ್ಪನ ಬಾಯಲ್ಲಿ ನಿಂತ ಮಾತು

ಮನೆಯಿಂದ, ಜುಲೈ ೧೪, ಭಾನುವಾರ

ಪ್ರೀತಿಯ ಅಕ್ಕಾ,

ನಿನ್ನ ಕತ್ತುನೋವು ಹೇಗಿದೆ? ಭಾವನ ಕೆಮ್ಮು ನಿಂತಿತೇ? ಇಲ್ಲಿ ಅಮ್ಮ ಗಟ್ಟಿಯಾಗಿದ್ದಾಳೆ, ಅಂದರೆ ಬೈಯುತ್ತಿದ್ದಾಳೆ.

ಲೆಕ್ಚರರ್ ಪರೀಕ್ಷೆಯಲ್ಲಿ ಮತ್ತೆ ಬಿದ್ದೆ. ಬರೆಯುವುದರಲ್ಲಿ ಪಾಸು, ಮೌಖಿಕದಲ್ಲಿ ಹೋಯಿತು. ಪಾಠ ಮಾಡಿ ತೋರಿಸು ಎಂದರು. ಎಲ್ಲ ಗೊತ್ತಿತ್ತು ಅಕ್ಕಾ, ಮಾತು ಮಾತ್ರ ಹೊರಡಲಿಲ್ಲ. 'ಏನಮ್ಮ, ಪಾಠ ಮಾಡೋಕೆ ಬಂದ್ಯೋ, ನಮ್ಮ ಮುಖ ನೋಡೋಕೆ ಬಂದ್ಯೋ?' ಎಂದು ಒಬ್ಬರು ಕೇಳಿದರು, ಉಳಿದವರು ನಕ್ಕರು. ಅಂದೇ ಪುಸ್ತಕಗಳನ್ನೆಲ್ಲ ಮಂಚದ ಕೆಳಗೆ ತಳ್ಳಿಬಿಟ್ಟೆ. ಬೆಳಿಗ್ಗೆ ಯಾತಕ್ಕೆ ಏಳಬೇಕೆಂದು ಗೋಡೆ ನೋಡುತ್ತ ಮಲಗಿರುತ್ತೇನೆ. 'ಮುಂದಿನ ಸಲ ಬಾಯಿ ಬಿಡೇ, ಮುತ್ತೇನೂ ಉದುರಿಹೋಗಲ್ಲ' ಅನ್ನುತ್ತಾಳೆ ಅಮ್ಮ.

ಏಳಲು ನನಗುಳಿದಿರುವ ಒಂದೇ ನೆಪ ಅಪ್ಪ. ಲಕ್ವ ಹೊಡೆದ ಮೇಲೆ ಅವರನ್ನು ಆಸ್ಪತ್ರೆಯ ಮಾತಿನ ತರಬೇತಿಗೆ ನಾನೇ ಕರೆದೊಯ್ಯುತ್ತೇನೆ. ಇಡೀ ಬಸ್ಸಿಗೆ ಕೇಳುವಂತೆ ಸ್ಟಾಪು ಕೂಗುತ್ತಿದ್ದ ಕಂಡಕ್ಟರು ಈಗ ಒಂದು ಪದಕ್ಕೆ ತಡಕಾಡುತ್ತಾರೆ. ಮನೆಯಲ್ಲಿ ಅವರು ಬಾಯಿ ತೆರೆದರೆ ಸಾಕು, ಅಮ್ಮ 'ನೀರಾ? ಕನ್ನಡಕಾನಾ? ಫ್ಯಾನ್ ಹಾಕ್ಲಾ?' ಎಂದು ಸುರಿಸುತ್ತಾಳೆ. ಅವರು ಸೋತು ಯಾವುದಕ್ಕೋ ತಲೆಯಾಡಿಸಿ ಬೇಡದ ನೀರು ಕುಡಿಯುತ್ತಾರೆ, ಪಾಪ.

ಮೊನ್ನೆ ತರಬೇತಿಯ ಮೇಡಂ ಅಪ್ಪನಿಗೆ ಛತ್ರಿಯ ಚಿತ್ರ ತೋರಿಸುತ್ತಿದ್ದಾಗ ಫೋನ್ ಬಂತು. ಚಿತ್ರ ನನ್ನ ಕೈಗಿಟ್ಟು ಹೊರಗೆ ಹೋದರು. ಹೇಳಿಕೊಡಲು ನಾಚಿಕೆ, ಎದ್ದು ಹೋಗಲೂ ನಾಚಿಕೆ. ಹಿಡಿದುಕೊಂಡು ಕೂತೇ ಇದ್ದೆ. ಅಪ್ಪನ ತುಟಿ ಅದುರಿತು, ನಿಂತಿತು, ಮತ್ತೆ ಅದುರಿತು. ಕೊನೆಗೆ 'ಛತ್ರಿ' ಎಂದರು. ಅಷ್ಟಕ್ಕೇ ಬಿಡದೆ 'ಬಸ್ಸಲ್ಲಿ... ಬಿಟ್ಟೋಗ್ತಾರೆ' ಎಂದು ನಕ್ಕರು. ಅಪ್ಪ ನಕ್ಕು ಎಷ್ಟು ಕಾಲವಾಗಿತ್ತು. ಮೇಡಂ ಬಾಗಿಲಲ್ಲೇ ನಿಂತಿದ್ದರಂತೆ. 'ಇಷ್ಟೊತ್ತು ಸುಮ್ನೆ ಹೇಗೆ ಕೂತಿದ್ಯಮ್ಮ? ನನ್ನ ಸಹಾಯಕರಿಗೆ ಅದೊಂದನ್ನೇ ಕಲಿಸೋಕಾಗ್ತಿಲ್ಲ' ಎಂದರು. ಚಿತ್ರ ಅವರ ಕೈಗಿಟ್ಟು ಅಪ್ಪನನ್ನು ಕರೆದುಕೊಂಡು ಹೊರಟೆ. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಅತ್ತೆ.

ಭಾವನಿಗೆ ನಮಸ್ಕಾರ. ಅಪ್ಪನ ಆಶೀರ್ವಾದ, ಅಮ್ಮನ ಬೈಗುಳ ಎರಡನ್ನೂ ಇದರ ಜೊತೆ ಕಳಿಸಿದ್ದೇನೆ.

ನಿನ್ನ
ಗುಮ್ಮನಗುಸಕಿ

ವಿ.ಸೂ.: ಮೇಡಂ ನನ್ನನ್ನು ಸಹಾಯಕಿಯಾಗಿ ಕರೆದಿದ್ದಾರೆ. ಕಾಯಂ ಕೆಲಸವಲ್ಲ, ಮುಂದೇನೆಂದು ಅವರಿಗೂ ಗೊತ್ತಿಲ್ಲ. ಮುಂದಿನ ಲೆಕ್ಚರರ್ ಪರೀಕ್ಷೆಯ ಅರ್ಜಿಗೆ ನಿನ್ನೆಯೇ ಕೊನೆಯ ದಿನವಾಗಿತ್ತು, ನಾನು ಹಾಕಲಿಲ್ಲ. ಅಮ್ಮನಿಗೆ ಇನ್ನೂ ಗೊತ್ತಿಲ್ಲ. ನೀನು ಹೇಳಬೇಡ, ನಾನೇ ಹೇಳಬೇಕು. ನೀನು ಫೋನ್ ಮಾಡಿದಾಗ ಅವಳಿಗೆ ಇಷ್ಟು ಮಾತ್ರ ಹೇಳು: ಚಿಕ್ಕವಳು ಏನೋ ಹೇಳೋದಿದೆಯಂತೆ, ಮಧ್ಯೆ ಬಾಯಿ ಹಾಕದೆ ಸ್ವಲ್ಪ ಹೊತ್ತು ಕಾಯಿ ಅಂತ.