ಬಕೆಟ್‌ನೊಳಗಿನ ಫೋನೂ ಹಲಸಿನ ಕಾಲದ ಸಂಜೆ ತರಗತಿಯೂ

ಮಾನ್ಯ ತರಬೇತಿ ಕೇಂದ್ರದ ಮುಖ್ಯಸ್ಥರೇ,

ನಿಮ್ಮ ಸಂಜೆ ತರಗತಿಗೆ ಬರಲು ನನಗೆ ಹೆದರಿಕೆಯಾಗುತ್ತದೆ. ಐವತ್ತರ ಹತ್ತಿರದ ಗಂಡಸು ಹೀಗೆ ನಾಲ್ಕು ಜನ ಓದುವಂತೆ ಬರೆದುಕೊಳ್ಳುವುದು ಮರ್ಯಾದೆಯ ಮಾತಲ್ಲ, ಗೊತ್ತು. ಆದರೆ ಹೆದರಿಕೆಗೆ ಮರ್ಯಾದೆಯ ಹಂಗಿಲ್ಲ.

ನಾನು ನಾಪೋಕ್ಲು ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದವನು. ಆಳುಗಳ ಹಾಜರಿ, ಪಿಕ್ಕಿಂಗ್ ತೂಕ ನೋಡುವ ಕೆಲಸ. ತೋಟ ಕೈಬದಲಾಗಿ ರೆಸಾರ್ಟ್ ಆಯಿತು, ರೈಟರ್ ಬೇಡವಾದ. ಆಗ ಕೈಹಿಡಿದದ್ದು ನಿಮ್ಮ ಕೇಂದ್ರವೇ. ಕೆಲಸ ಕಳೆದುಕೊಂಡ ವಯಸ್ಕರಿಗೆ ಹೊಸ ಕಸುಬು: ಆನೆ ತಡೆಯುವ ಸೋಲಾರ್ ಬೇಲಿಯ ರಿಪೇರಿ. ಬೆಳಗಿನ ತರಗತಿ ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ತಮಗೆ ನಮ್ಮ ಮೇಲೆ ಕನಿಕರ ಹುಟ್ಟಿತು. 'ದುಡಿಯುವವರ ಅನುಕೂಲಕ್ಕಾಗಿ' ತರಗತಿ ಸಂಜೆಗೆ ಹೋಯಿತು. ಜೊತೆಗೆ ಶಿಸ್ತು ಬೇರೆ: ಮೊಬೈಲುಗಳೆಲ್ಲ ಬಾಗಿಲ ಬಳಿಯ ನೀಲಿ ಬಕೆಟ್‌ಗೆ. ಹಲಸು ಹಣ್ಣಾಗಿ, ಅದರ ವಾಸನೆಗೆ ಆನೆಗಳು ತೋಟಕ್ಕಿಳಿಯುವ ಈ ಕಾಲದಲ್ಲಿ, ಆನೆ ತಡೆಯುವ ವಿದ್ಯೆ ಹೇಳಿಕೊಟ್ಟು ಆನೆ ಓಡಾಡುವ ಹೊತ್ತಿಗೇ ಮನೆಗೆ ಕಳಿಸುತ್ತೀರಲ್ಲ, ಇದನ್ನು ಪ್ರಾಕ್ಟಿಕಲ್ ಎಂದು ತಿಳಿಯೋಣವೇ?

ನಮ್ಮ ಕಡೆ ಒಂದು ರೂಢಿಯಿದೆ. ಸುತ್ತೋಲೆಯಲ್ಲಿ ಬಂದದ್ದಲ್ಲ, ಹಾಗಾಗಿ ತಮಗೆ ತಿಳಿದಿರಲಿಕ್ಕಿಲ್ಲ. ಆನೆ ರಸ್ತೆಗೆ ಇಳಿದಿದೆಯೆಂದು ಅರಣ್ಯದವರ ಮೆಸೇಜು ಬಂದರೆ ಹೊರಗೆ ಹೋದವರಿಗೆ ಮನೆಯಿಂದ ಫೋನು ಹೋಗುತ್ತದೆ. ಎತ್ತದಿದ್ದರೆ ಮನೆಯವರೊಬ್ಬರು ತೋಟದೊಳಗಿನ ಕಾಲುದಾರಿಯಲ್ಲಿ ಬಸ್‌ಸ್ಟಾಪಿಗೆ ಹೋಗಿ, ಬರುವವರನ್ನು ಅಲ್ಲೇ ತಡೆದು ನಿಲ್ಲಿಸುತ್ತಾರೆ.

ಕಳೆದ ಗುರುವಾರ ಮೆಸೇಜು ಬಂತು. ನನ್ನ ಹೆಂಡತಿ ರಮ್ಯ ಫೋನು ಮಾಡಿದಳು. ಬಕೆಟ್ ಎತ್ತಲಿಲ್ಲ. ತರಗತಿ ಬಿಟ್ಟ ಮೇಲೆ ನಾನು ತಿರುಗಿ ಮಾಡಿದಾಗ ಅವಳಾಗಲೇ ತೋಟದೊಳಗಿದ್ದಳು. ಅಲ್ಲಿ ಸಿಗ್ನಲ್ ಇಲ್ಲ. ಬಸ್ಸಿಳಿದೆ. ಸ್ಟಾಪಿನಲ್ಲಿ ಅವಳಿರಲಿಲ್ಲ. ತೋಟದ ಕಡೆಯಿಂದ ಕೊಂಬೆ ಮುರಿಯುವ ಸದ್ದು. ಅತ್ತ ಹೊರಟವನ ಅಂಗಿಯನ್ನು ಸ್ಟಾಪಿನ ಪಕ್ಕದ ಅಂಗಡಿಯ ಮೊಣ್ಣಪ್ಪ ಹಿಡಿದೆಳೆದರು.

"ಎಲ್ಲಿಗೆ ಹೋಗ್ತೀರಿ ಮಾರಾಯ್ರೆ? ರಸ್ತೆ ಬಿಟ್ಟು ತೋಟಕ್ಕೆ ಹೊಕ್ಕಿದೆ, ಮರಿ ಜೊತೆ ಆನೆ ಉಂಟು ಅಲ್ಲಿ!"

"ರಮ್ಯ ಬಂದ್ಳಾ ಅಣ್ಣ?"

"ಇಲ್ಲಿಗೆ ಬರ್ಲಿಲ್ವಲ್ಲ."

ಹೆಸರು ಹಿಡಿದು ಕೂಗುವಂತೆಯೂ ಇಲ್ಲ. ಕೂಗಿದರೆ ಅವಳು ಓಗೊಡುತ್ತಾಳೆ, ಆ ಸದ್ದಿಗೆ ಆನೆ ತಿರುಗುತ್ತದೆ. ಬಾಯಿಗೆ ಕೈ ಅಡ್ಡ ಹಿಡಿದು ನಿಂತೆ. ಎಷ್ಟೋ ಹೊತ್ತಿನ ಮೇಲೆ ಕಾಫಿ ಗಿಡಗಳ ಸಂದಿಯಿಂದ ಅವಳು ಹೊರಬಂದಳು. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. "ನೀವು ಫೋನ್ ಎತ್ಲಿಲ್ಲ" ಅಂದಳು, ಅಷ್ಟೆ.

ಹೆದರಿಕೆಯಿದ್ದರೆ ಬಿಟ್ಟುಬಿಡಿ ಎನ್ನುತ್ತೀರಾ? ಬಿಟ್ಟರೆ ಈ ವಯಸ್ಸಿಗೆ ನನಗೆ ಯಾರು ಕೆಲಸ ಕೊಡುತ್ತಾರೆ? ಇನ್ನು ಮೇಲೆ ಸ್ಟಾಪಿಗೆ ಬರಬೇಡವೆಂದರೆ ರಮ್ಯ, "ಹಾಗಾದ್ರೆ ಫೋನ್ ಎತ್ತಿ" ಎನ್ನುತ್ತಾಳೆ. ನಿನ್ನೆ ಪಾಠದ ನಡುವೆ ಬಕೆಟ್‌ನಲ್ಲಿ ಯಾರದೋ ಫೋನು ಗುರುಗುಟ್ಟಿತು. ಎಲ್ಲರೂ ಬೋರ್ಡು ಬಿಟ್ಟು ಬಾಗಿಲು ನೋಡಿದೆವು. ಯಾರ ಮನೆಯದೆಂದು ಕೇಳುವ ಧೈರ್ಯ ಒಬ್ಬರಿಗೂ ಇರಲಿಲ್ಲ. ಮೇಷ್ಟ್ರು ಪಾಠ ಮುಂದುವರಿಸಿದರು.

ತರಗತಿಯನ್ನು ಮತ್ತೆ ಬೆಳಗ್ಗೆಗೆ ತನ್ನಿ. ಅದಕ್ಕೆ ಸಭೆ ಸೇರಿ ತೀರ್ಮಾನ ಆಗಬೇಕೆಂದಾದರೆ, ಅಲ್ಲಿಯವರೆಗೆ ಫೋನು ನಮ್ಮ ಕೈಯಲ್ಲಿರಲಿ. ಆನೆಯನ್ನು ತಡೆಯಿರೆಂದು ನಾನು ನಿಮ್ಮನ್ನು ಕೇಳುತ್ತಿಲ್ಲ. ರಮ್ಯಳನ್ನು ತಡೆಯಲು ನನಗೆ ಬಿಡಿ.

ಇಂತಿ,
ಇಂದು ಸಂಜೆಯೂ ಬಕೆಟ್‌ಗೆ ಫೋನು ಹಾಕಲಿರುವ
ವಸಂತ
ಮಾಜಿ ರೈಟರ್, ಹಾಲಿ ವಿದ್ಯಾರ್ಥಿ