ಚುಕ್ಕಾಣಿ ಯಾರ ಕೈಯಲ್ಲಿತ್ತು

ಜೂನ್ 17, ಮಂಗಳವಾರ. ಬೆಳಗ್ಗೆ 8

ಮೂರು ಸಲ ಹ್ಯಾಂಡಲ್ ತಿರುಗಿಸಿದೆ. ಎಂಜಿನ್ ಕೆಮ್ಮಿ ಸುಮ್ಮನಾಯಿತು. ನಾಲ್ಕನೆಯದಕ್ಕೆ ಹತ್ತಿಕೊಂಡಿತು. ಅಂಗೈಯಲ್ಲಿ ಬೊಬ್ಬೆ. ಆರು ವರ್ಷ ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ನಲ್ಲಿ ಕಡ್ಡಿಗೆ ಎಲೆ ಕಟ್ಟಿದ ಕೈ. ಈ ಕೆಲಸ ಮರೆತಿದೆ.

ದೋಣಿಗೆ ವಾಪಸ್ ಬಂದು ಮೂರನೇ ದಿನ. ಮೀನುಗಾರರ ಸಂಘದ ಅದೇ ಕಬ್ಬಿಣದ ದೋಣಿ, ಹಿಂಭಾಗದಲ್ಲಿ ಅದೇ ತಗಡಿನ ಕೋಣೆ. ಒಂದು ಮಂಚ, ಒಂದು ಸ್ಟೌ. ಮದುವೆಯಾದ ಮೇಲೆ ಏಳು ವರ್ಷ ಇದೇ ನಮ್ಮ ಮನೆಯಾಗಿತ್ತು. ಬೆಳಗ್ಗೆ, ಸಂಜೆ ಜನರನ್ನು ಕಬಿನಿ ಹಿನ್ನೀರು ದಾಟಿಸುವುದು. ನಡುವೆ ಮೀನು ತುಂಬಿಕೊಂಡು ಬರುವುದು.

ನನ್ನ ಗಂಡ ಶಿವಶಂಕರ ಫೋನ್ ಮಾಡದಿದ್ದರೆ ಬರುತ್ತಿರಲಿಲ್ಲ. ಹ್ಯಾಂಡಲ್ ತಿರುಗಿ ಹೊಡೆದು ಅವರ ಬಲ ಮಣಿಕಟ್ಟು ಮುರಿದಿದೆ.

"ಒಂದೂವರೆ ತಿಂಗ್ಳು ಪ್ಲಾಸ್ಟರ್ ಅಂತೆ. ದೋಣಿ ಬ್ಯಾರೆಯವ್ರಿಗೆ ಕೊಟ್ಬುಡ್ತಾರೆ ಕಣೆ ಸುಧಾ. ಬತ್ತೀಯಾ?"

ನಾನು ಬೇರೇನೂ ಕೇಳಲಿಲ್ಲ. ಹಾರನಹಳ್ಳಿಯ ತವರಿನಿಂದ ಮಾರನೇ ದಿನವೇ ಹೊರಟೆ. ಅಣ್ಣ, "ಈಗ ಗಂಡ ನೆಪ್ಪಾದ್ನಾ?" ಅಂದ. ಬಸ್ಸು ಹತ್ತಿದೆ.

ಜೂನ್ 18, ಬುಧವಾರ

ಸೊಪ್ಪು ಮಾರುವ ಸಿದ್ದಲಿಂಗಮ್ಮ ದೋಣಿ ಹತ್ತಿದರು.

ಬರುತ್ತಾರೆಂದು ಗೊತ್ತಿತ್ತು. ಆಚೆ ದಡದಲ್ಲೇ ಸರಗೂರಿನ ಬಸ್ಸು. ರಸ್ತೆಯಲ್ಲಿ ಸುತ್ತಿಕೊಂಡು ಹೋದರೆ ಅರ್ಧ ದಿನ. ಸೊಪ್ಪಿನ ಕುಕ್ಕೆ ಹೊತ್ತವರು ಈ ದೋಣಿಯನ್ನು ಬಿಟ್ಟು ಎಲ್ಲಿಗೆ ಹೋಗಬೇಕು?

ಶಿವಶಂಕರರ ಕಡೆ ನೋಡಲಿಲ್ಲ. ಅವರಿಗೆ ಬೆನ್ನು ಹಾಕಿ ಕೂತರು. ಇವರು ಜೈಲಿನಿಂದ ಬಂದು ಎರಡು ವರ್ಷ, ಹೀಗೇ ಅಂತೆ. ಒಂದು ಮಾತಿಲ್ಲ.

ನನ್ನನ್ನು ಕಂಡವರೇ ಎದ್ದು ಬಂದು ಕೈ ಹಿಡಿದುಕೊಂಡರು. "ಸೊರಗೋಗಿದ್ದೀಯಲ್ಲವ್ವ! ಅವ್ನು ಮಾಡಿದ್ಕೆ ನೀನ್ಯಾಕವ್ವ ಊರು ಬುಡ್ಬೇಕಿತ್ತು?"

ಒಂದು ಕಟ್ಟು ದಂಟಿನಸೊಪ್ಪು ಕೊಟ್ಟರು. ಸಾರು ಮಾಡಿದೆ. ಇವರಿಗಷ್ಟೇ ಬಡಿಸಿದೆ.

ಅದೇ ದಿನ, ಮಧ್ಯಾಹ್ನ 3

ಇದುವರೆಗೆ ಎಲ್ಲೂ ಬರೆದಿಲ್ಲ. ಬರೆಯುತ್ತೇನೆ.

2019ರ ಆಗಸ್ಟ್. ವಿಪರೀತ ಗಾಳಿ. ಶಿವಶಂಕರರಿಗೆ ಮೈ ಸುಡುವ ಜ್ವರ, ಕೋಣೆಯಲ್ಲಿ ಮಲಗಿದ್ದರು. ಚುಕ್ಕಾಣಿ ನನ್ನ ಕೈಯಲ್ಲಿತ್ತು. ಆಚೆ ದಡದಲ್ಲಿ ಹತ್ತಿದ್ದು ಒಬ್ಬಳೇ — ಸಿದ್ದಲಿಂಗಮ್ಮನ ಮಗಳು ಶ್ರುತಿ. ಹತ್ತೊಂಬತ್ತು ವರ್ಷ. ಕಾಲೇಜು ಮುಗಿಸಿ ಬಂದಿದ್ದಳು. ಗಾಳಿ ಜೋರಾಗಿದೆ, ಸ್ವಲ್ಪ ತಡಿ ಅನ್ನಬೇಕಿತ್ತು. ಅನ್ನಲಿಲ್ಲ.

ಮುಳುಗಿದ್ದ ಮರದ ಬೊಡ್ಡೆಗೆ ದೋಣಿ ಬಡಿಯಿತು. ಅವಳು ಅಂಚಿನಲ್ಲಿ ಕೂತಿದ್ದಳು. ತಿರುಗಿ ನೋಡಿದೆ... ಇರಲಿಲ್ಲ. ನಾನು ಕಿರುಚಿದ್ದಕ್ಕೆ ಇವರು ಜ್ವರದಲ್ಲೇ ಎದ್ದು ಬಂದು ನೀರಿಗೆ ಹಾರಿದರು. ಎರಡು ದಿನ ಬಿಟ್ಟು ಸಿಕ್ಕಳು.

ಪೊಲೀಸರು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಇವರು ಅಂದುಬಿಟ್ಟರು: "ನಾನೇ ಸಾ ಓಡುಸ್ತಿದ್ದುದು."

ನಾನು ಸುಮ್ಮನಿದ್ದೆ. ಆಮೇಲೂ ಸುಮ್ಮನಿದ್ದೆ. ಕೇಸು ಎರಡು ವರ್ಷ ನಡೆಯಿತು, ಆಮೇಲೆ ಒಂದೂವರೆ ವರ್ಷ ಒಳಗಿದ್ದರು. ಒಂದು ಸಲವೂ ನೋಡಲು ಹೋಗಲಿಲ್ಲ ನಾನು.

ಜೂನ್ 21, ಶನಿವಾರ

ಇವತ್ತು ಹೇಳಿಯೇಬಿಟ್ಟೆ, ಇವರಿಗೆ. "ಆಯಮ್ಮಂಗೆ ನಿಜ ಹೇಳ್ಬುಡ್ತೀನಿ ಕಣ್ರೀ."

ಎಡಗೈಯಲ್ಲಿ ಬಲೆಯ ಸಿಕ್ಕು ಬಿಡಿಸುತ್ತಿದ್ದರು. ನಿಲ್ಲಿಸಿದರು.

"ಹೇಳಿ ಏನ್ಮಾಡೀಯ? ನಾನ್ ಒಳಗಿದ್ದು ಬಂದಾಯ್ತು. ಈಗ ನೀನೂ ಓಯ್ತೀಯಾ?"

"ಆಯಮ್ಮ ನನ್ ಕೈ ಇಡ್ಕೊತಾರೆ. ನಿಮ್ ಮಕ ನೋಡಕಿಲ್ಲ. ನಂಗೆ ತಡ್ಯಕಾಯ್ತಿಲ್ಲ."

"ನಂಗೆ ಅಭ್ಯಾಸ ಆಗದೆ ಬುಡು."

ಬಲೆ ಪಕ್ಕಕ್ಕಿಟ್ಟು ಕೇಳಿದರು: "ಅದ್ಕೇನಾ ವಾಪಸ್ ಬಂದಿದ್ದು? ನಂಗೋಸ್ಕರ ಅಂದ್ಕಂಡಿದ್ದೆ."

ಎರಡೂ ಹೌದು ಅನ್ನಬಹುದಿತ್ತು. ಪಾತ್ರೆ ತೊಳೆಯಲು ಎದ್ದು ಹೋದೆ.

ಜೂನ್ 27, ಶುಕ್ರವಾರ

ಬರೆಯಲು ಮನಸ್ಸಾಗಿಲ್ಲ. ನೀರು ಏರುತ್ತಿದೆ. ಮರದ ಬೊಡ್ಡೆಗಳು ದಿನಕ್ಕೊಂದಷ್ಟು ಮುಳುಗುತ್ತಿವೆ. ಇವರು ಮುಂದೆ ನಿಂತು ಕೈ ತೋರಿಸುತ್ತಾರೆ. "ಎಡಕ್ಕೆ." "ಬಲಕ್ಕೆ." "ನಿಧಾನ." ನಮ್ಮಿಬ್ಬರ ನಡುವೆ ಈಗ ಇಷ್ಟೇ ಮಾತು.

ಸಿದ್ದಲಿಂಗಮ್ಮ ಎರಡು ಸಲ ಬಂದು ಹೋದರು. ಒಮ್ಮೆ ಬೇರೆ ಜನ ಇದ್ದರು. ಇನ್ನೊಮ್ಮೆ ಯಾರೂ ಇರಲಿಲ್ಲ — ಆಗಲೂ ಹೇಳಲಿಲ್ಲ. ಹೇಡಿ.

ಜೂನ್ 30, ಸೋಮವಾರ. ಸಂಜೆ 6

ಹೇಳಿದೆ. ಇದನ್ನೂ ಬರೆಯಬೇಕು.

ವಾಪಸ್ ಬರುವ ಟ್ರಿಪ್ಪು. ಸಿದ್ದಲಿಂಗಮ್ಮ ಒಬ್ಬರೇ. ನಮ್ಮ ದಡದಲ್ಲಿ ಇಳಿಯುವಾಗ ಕಾಲು ಜಾರಿತು. ಶಿವಶಂಕರ ಎಡಗೈ ಚಾಚಿ ಹಿಡಿದುಕೊಂಡರು. ಆಯಮ್ಮ ಕೊಸರಿಕೊಂಡರು.

"ಮುಟ್ಬ್ಯಾಡ! ನನ್ ಮಗಿನ ಜೀವ ತಗ್ದ ಕೈ ಅದು."

ಇವರು ಕೈ ಹಿಂದಕ್ಕೆ ಎಳೆದುಕೊಂಡರು, ತಪ್ಪು ಮಾಡಿದವರ ಹಾಗೆ.

"ಆ ಕೈಯಲ್ಲ ಅವ್ವಾ," ಅಂದೆ. "ಅವತ್ತು ಇವ್ರು ಜ್ವರ ಬಂದು ಮಲಗಿದ್ರು. ದೋಣಿ ಓಡುಸ್ತಿದ್ದೋಳು ನಾನು."

ಎಂಜಿನ್ ಆಫ್ ಮಾಡಿದೆ. ಎಲ್ಲ ಹೇಳಿದೆ. ಗಾಳಿ, ಬೊಡ್ಡೆ, ಪೊಲೀಸರು. ಇವರು ತಲೆ ತಗ್ಗಿಸಿ ನಿಂತಿದ್ದರು. ಆಯಮ್ಮ ಹೊಡೆಯುತ್ತಾರೆ ಅಂದುಕೊಂಡೆ. ಹೊಡೆಯಲಿ ಅಂತಲೂ ಇತ್ತು.

ಹೊಡೆಯಲಿಲ್ಲ. ಇವರ ಕಡೆ ತಿರುಗಿದರು. "ಕೋರ್ಟಲ್ಲಿ ನಿನ್ನ ಕೇಳ್ದೆ ಕಣೋ ಶಿವಣ್ಣ, ನನ್ ಮಗ್ಳು ಕೊನೆಗೇನಂದ್ಲು ಅಂತ. ಬಾಯೇ ಬುಡ್ನಿಲ್ಲ. ಕಲ್ಲಿನಂಥವ್ನು ಅಂದ್ಕಂಡೆ."

"ನಂಗೊತ್ತಿರ್ನಿಲ್ಲ ಅವ್ವಾ," ಅಂದರು ಇವರು. ಅಷ್ಟೇ.

ಆಗ ಆಯಮ್ಮ ನನ್ನ ಮುಖ ನೋಡಿದರು. ಮೊದಲ ಸಲ ನೋಡುವವರ ಹಾಗೆ.

"ಏನಂದ್ಲು?"

"ಅವ್ವ ಇವತ್ತು ಉಪ್ಸಾರು ಮಾಡಿರ್ತಳೆ, ಉಂಡ್ಕಂಡು ಓಗು ಬಾ ಅಕ್ಕ ಅಂದ್ಲು. ನಗ್ತಿದ್ಲು."

"ಮಾಡಿದ್ದೆ," ಅಂದರು ಸಿದ್ದಲಿಂಗಮ್ಮ. "ಅವತ್ತು ಉಪ್ಸಾರೇ ಮಾಡಿದ್ದೆ ಕಣೆ."

ದಡದಲ್ಲೇ ಕುಸಿದು ಕೂತರು. ದನಿಯೇ ಇಲ್ಲದ ಅಳು. ಹತ್ತಿರ ಹೋಗಲು ಧೈರ್ಯವಾಗಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಎದ್ದು ನಡೆದುಬಿಟ್ಟರು. ಕುಕ್ಕೆ ಇಲ್ಲೇ ಉಳಿದಿದೆ.

ಜುಲೈ 1, ಮಂಗಳವಾರ. ಬೆಳಗ್ಗೆ 7

ಸಿದ್ದಲಿಂಗಮ್ಮ ಬಂದಿದ್ದಾರೆ. ಜೊತೆಯಲ್ಲಿ ಗಂಡ ಸಣ್ಣಬೀರಯ್ಯ. ಮಗಳು ಹೋದ ಮೇಲೆ ಆ ಮನುಷ್ಯ ನೀರಿನ ಹತ್ತಿರವೇ ಬಂದಿರಲಿಲ್ಲ. ದಡದಲ್ಲಿ ಕಲ್ಲಿನ ಮೇಲೆ ಕೂತಿದ್ದಾರೆ, ಟವೆಲ್ ಬಾಯಿಗೆ ಒತ್ತಿಕೊಂಡು.

ಆಯಮ್ಮ ದೋಣಿಯ ಹತ್ತಿರ ಬಂದು ಅಂದರು: "ಮಗ್ಳು ಏನಂದ್ಲು ಅಂತ ಅವ್ರೂ ಕೇಳ್ಬೇಕಂತೆ. ನೀನೇ ಹೇಳು. ಸ್ಟೇಷನ್ನಿಗೆ ಓಗದಾ ಬ್ಯಾಡ್ವಾ ಅನ್ನದು ಆಮ್ಯಾಕೆ."

ಒಂದು ನಿಮಿಷ ಅಂತ ಹೇಳಿ ಒಳಗೆ ಬಂದೆ. ಯಾಕೋ ಇದನ್ನು ಬರೆದೇ ಹೋಗಬೇಕು ಅನ್ನಿಸಿತು.

ಶಿವಶಂಕರ ಅಂಗಿ ಹಾಕಿಕೊಳ್ಳುತ್ತಿದ್ದರು, ಒಂದೇ ಕೈಯಲ್ಲಿ ಒದ್ದಾಡಿಕೊಂಡು. "ತಡಿ, ನಾನೂ ಬತ್ತೀನಿ."

"ಬ್ಯಾಡ ಕಣ್ರೀ. ಅವತ್ತು ನೀವೇ ಮಾತಾಡ್ಬುಟ್ರಿ. ಇವತ್ತು ನಾನ್ ಮಾತಾಡ್ತೀನಿ."

ಮಂಚದ ಮೇಲೆ ಕೂತರು. ಅವರ ಗುಂಡಿ ಹಾಕಿದೆ. ನನ್ನ ಕೈ ಮೇಲೆ ಕೈ ಇಟ್ಟರು, ಬಿಟ್ಟರು.

ಏನನ್ನು ಮೊದಲು ಹೇಳಲಿ? ಬೊಡ್ಡೆ ಬೇಡ. ಅವಳು ನಗುತ್ತಿದ್ದದ್ದು ಮೊದಲು. ಆಮೇಲೆ ಊಟಕ್ಕೆ ಕರೆದದ್ದು. ಆಮೇಲೆ...

ಸಣ್ಣಬೀರಯ್ಯ ಎದ್ದು ನಿಂತರು. ಕರೆಯುತ್ತಿದ್ದಾರೆ. ಉಳಿದದ್ದು ಹೋಗಿ ಬಂದ—